ಕಾಯ್ದೆಯ ಗುರು ಎಲ್ಲಿಂದ ಬರಬೇಕು?

ದ್ವಿತೀಯ ಪಿ.ಯು.ಸಿ. ಫಲಿತಾಂಶ ಹೊರಬಿದ್ದೊಡನೆ ನಮ್ಮ ಮನೆಗಳಲ್ಲಿ ಮಕ್ಕಳ ಮುಂದಿನ ವಿದ್ಯಾಭ್ಯಾಸದ ವಿಚಾರ ಮೊದಲಾಗುತ್ತದೆ. ವೈದ್ಯಕೀಯ ಮತ್ತು ತಾಂತ್ರಿಕ ಶಿಕ್ಷಣದ ಜೊತೆಗೆ ಕಾನೂನು ಶಿಕ್ಷಣದತ್ತಲೂ ಅನೇಕರ ಒಲವು ಹರಿಯುತ್ತಿರುವುದು ಸಂತೋಷದ ಸಂಗತಿ. ಪಾಲಕರು ಕಾಲೇಜಿನ ಕಟ್ಟಡವನ್ನು ನೋಡುತ್ತಾರೆ; ಶುಲ್ಕವೆಷ್ಟು, ವಸತಿಗೃಹ ಹೇಗಿದೆ, ಊಟದ ವ್ಯವಸ್ಥೆಯೇನು ಎಂದು ವಿಚಾರಿಸುತ್ತಾರೆ. ಆದರೆ ಅಲ್ಲಿ ಪಾಠ ಹೇಳುವವರು ಯಾರು, ಆ ಆಸನಕ್ಕೆ ಬರುವ ಮುನ್ನ ಅವರು ಯಾವ ಕೆಲಸ ಮಾಡಿದ್ದರು ಎಂದು ಕೇಳುವವರು ವಿರಳ. ವಿದ್ಯೆಯ ಮೂಲ ಗುರುವಿನಲ್ಲಿರುವುದರಿಂದ ಮೊದಲು ಕೇಳಬೇಕಾದ ಪ್ರಶ್ನೆಯೇ ಅದು ಎಂದು ನಾವು ಭಾವಿಸುತ್ತೇವೆ.

ನಮ್ಮ ಹಿರಿಯರು ಪ್ರತಿಯೊಂದು ವಿದ್ಯೆಯಲ್ಲಿಯೂ ಶಾಸ್ತ್ರ ಮತ್ತು ಪ್ರಯೋಗ ಎಂಬ ಎರಡು ಅಂಗಗಳನ್ನು ಗುರುತಿಸಿದ್ದರು. ಕಾಳಿದಾಸನ ‘ಮಾಲವಿಕಾಗ್ನಿಮಿತ್ರ’ದಲ್ಲಿ ಗಣದಾಸ, ಹರದತ್ತ ಎಂಬ ಇಬ್ಬರು ನಾಟ್ಯಾಚಾರ್ಯರ ನಡುವೆ ಮೇಲ್ಮೆಯ ವಿವಾದ ಹುಟ್ಟಿದಾಗ, ಶಿಷ್ಯೆಯ ಪ್ರದರ್ಶನವನ್ನು ನೋಡಿ ತೀರ್ಮಾನಿಸಬೇಕೆಂದು ಗೊತ್ತಾಗುತ್ತದೆ. ತಾನು ಬಲ್ಲದ್ದನ್ನು ಶಿಷ್ಯನಲ್ಲಿ ಮೂಡಿಸಬಲ್ಲವನೇ ಆಚಾರ್ಯ ಎಂಬ ತಿಳಿವಳಿಕೆ ಇದರ ಹಿಂದಿದೆ. ಕಾಯ್ದೆಯ ವಿದ್ಯೆಗೂ ಈ ಮಾತು ಸಲ್ಲುತ್ತದೆ. ನ್ಯಾಯಾಲಯದಲ್ಲಿ ಬಾಳು ಸವೆಸಿದವನು ಒಳ್ಳೆಯ ಗುರುವೋ, ಗ್ರಂಥಾಲಯದಲ್ಲಿ ಬಾಳು ಸವೆಸಿದವನು ಒಳ್ಳೆಯ ಗುರುವೋ ಎಂಬ ಚರ್ಚೆ ಇಂದು ನಿನ್ನೆಯದಲ್ಲ.

ಪಶ್ಚಿಮದಲ್ಲಿ ಮೊಳೆತ ವಿವಾದ

ಇಂಗ್ಲೆಂಡಿನಲ್ಲಿ ಬಹುಕಾಲ ವಿಶ್ವವಿದ್ಯಾಲಯಗಳು ರೋಮನ್ ಕಾಯ್ದೆಯನ್ನಷ್ಟೇ ಬೋಧಿಸುತ್ತಿದ್ದವು. ಆ ದೇಶದ ಸ್ವಂತ ಕಾಯ್ದೆಯನ್ನು ವಕೀಲರ ಸಂಘಗಳಲ್ಲಿ, ಹಿರಿಯ ವಕೀಲರ ಸಹವಾಸದಲ್ಲಿ ಕಲಿಯಬೇಕಾಗಿತ್ತು. ವಕೀಲಿಯಲ್ಲಿ ಹೆಚ್ಚಿನ ಯಶಸ್ಸು ಕಾಣದ ವಿಲಿಯಂ ಬ್ಲ್ಯಾಕ್‌ಸ್ಟನ್ ಎಂಬ ವಿದ್ವಾಂಸರು ಆಕ್ಸ್‌ಫರ್ಡಿನಲ್ಲಿ ಆ ಕಾಯ್ದೆಯನ್ನು ಕುರಿತು ಉಪನ್ಯಾಸಗಳನ್ನು ಆರಂಭಿಸಿದರು. 1758ರಲ್ಲಿ ಅದಕ್ಕೆಂದೇ ಸ್ಥಾಪಿತವಾದ ಪೀಠದ ಮೊದಲ ಪ್ರಾಧ್ಯಾಪಕರಾದರು. 1765ರಿಂದ 1769ರವರೆಗೆ ನಾಲ್ಕು ಸಂಪುಟಗಳಲ್ಲಿ ಪ್ರಕಟವಾದ ಅವರ ವ್ಯಾಖ್ಯಾನ ಗ್ರಂಥವು ಹಲವು ತಲೆಮಾರುಗಳ ವಕೀಲರಿಗೆ ಆಧಾರವಾಯಿತು.

ಅಮೆರಿಕದಲ್ಲಿ ಜೋಸೆಫ್ ಸ್ಟೋರಿ ಅವರು 1811ರಿಂದ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾಗಿದ್ದು, 1829ರಿಂದ ಹಾರ್ವರ್ಡಿನಲ್ಲಿ ಪ್ರಾಧ್ಯಾಪಕರೂ ಆಗಿ, 1845ರಲ್ಲಿ ತೀರಿಕೊಳ್ಳುವವರೆಗೆ ಎರಡೂ ಹೊಣೆಗಳನ್ನು ಹೊತ್ತರು. ಆಗ ಗುರುವೆಂದರೆ ನ್ಯಾಯಪೀಠವನ್ನೋ ವಕೀಲಿಯನ್ನೋ ಕಂಡವನೇ ಆಗಿದ್ದನು. 1870ರಲ್ಲಿ ಹಾರ್ವರ್ಡಿನ ಡೀನ್ ಆದ ಲ್ಯಾಂಗ್‌ಡೆಲ್ ಅವರು ಈ ನಂಬಿಕೆಯನ್ನು ಅಲುಗಾಡಿಸಿದರು. ಸ್ವತಃ ನ್ಯೂಯಾರ್ಕಿನಲ್ಲಿ ವರ್ಷಾನುಗಟ್ಟಲೆ ವಕೀಲಿ ಮಾಡಿದ್ದರೂ, ಕಾಯ್ದೆಯನ್ನು ಕಲಿಸಲು ಬೇಕಾದದ್ದು ವಕೀಲರ ಕಚೇರಿಯ ಅನುಭವವಲ್ಲ, ಕಾಯ್ದೆಯನ್ನು ಶಾಸ್ತ್ರೋಕ್ತವಾಗಿ ಕಲಿತ ಅನುಭವ ಎಂಬುದು ಅವರ ನಿಲುವು. ಅದರಂತೆ 1873ರಲ್ಲಿ, ಆಗಷ್ಟೇ ವ್ಯಾಸಂಗ ಮುಗಿಸಿದ್ದ ಜೇಮ್ಸ್ ಬಾರ್ ಏಮ್ಸ್ ಎಂಬ ತರುಣರು ಅಧ್ಯಾಪಕರಾಗಿ ನೇಮಕಗೊಂಡರು. ವಕೀಲಿ ವೃತ್ತಿಯನ್ನು ಹಾಯದೆ ನೇರವಾಗಿ ಬೋಧನೆಗಿಳಿದ ಅವರೇ ಮುಂದೆ ಅಲ್ಲಿಯ ಡೀನ್ ಆಗಿ ಹೆಸರು ಪಡೆದರು. ಅಂದಿನಿಂದ ಕಾಯ್ದೆಯ ಬೋಧನೆಯೇ ಒಂದು ಸ್ವತಂತ್ರ ವೃತ್ತಿಯಾಯಿತು.

ನಮ್ಮ ದೇಶದ ಪರಂಪರೆ

ಭಾರತದಲ್ಲಿ ಕಾನೂನು ತರಗತಿಗಳು ಕ್ರಮಬದ್ಧವಾಗಿ ಆರಂಭವಾದದ್ದು 1855ರಲ್ಲಿ. ಮುಂಬಯಿಯ ಸರಕಾರಿ ಕಾನೂನು ಕಾಲೇಜು ಆ ವರ್ಷದ್ದು. ಅಲ್ಲಿ ಪಾಠ ಹೇಳಿದವರ ಹೆಸರುಗಳನ್ನು ನೆನೆದರೆ ಬೆರಗಾಗುತ್ತದೆ. ಮುಂದೆ ಮುಂಬಯಿ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿಗಳಾದ ಎಂ.ಸಿ. ಛಾಗಲಾ ಅವರು ಅಲ್ಲಿ ಸಂವಿಧಾನ ಶಾಸ್ತ್ರವನ್ನು ಬೋಧಿಸಿದರು. ಡಾ. ಬಿ.ಆರ್. ಅಂಬೇಡ್ಕರ್ ಅವರು ಬ್ಯಾರಿಸ್ಟರ್ ಆಗಿ ವಕೀಲಿ ನಡೆಸುತ್ತಲೇ 1928ರಲ್ಲಿ ಅಲ್ಲಿ ಪಾಠ ಹೇಳಿದರು. 1935ರಿಂದ 1938ರವರೆಗೆ ಅಲ್ಲಿಯ ಪ್ರಾಂಶುಪಾಲರಾಗಿದ್ದರು. ಮುಂದೆ ಭಾರತದ ಮುಖ್ಯ ನ್ಯಾಯಮೂರ್ತಿಗಳಾದ ವೈ.ವಿ. ಚಂದ್ರಚೂಡ್ ಅವರೂ 1949ರಿಂದ ಕೆಲವು ವರ್ಷ ಅಲ್ಲಿ ಅರೆಕಾಲಿಕ ಪ್ರಾಧ್ಯಾಪಕರಾಗಿದ್ದರು. ನಮ್ಮ ಬೆಳಗಾವಿಯಲ್ಲಿ ಕರ್ನಾಟಕ ಲಾ ಸೊಸೈಟಿಯು 1939ರಲ್ಲಿ ಸ್ಥಾಪಿಸಿದ ರಾಜಾ ಲಖಮಗೌಡ ಕಾನೂನು ಕಾಲೇಜು ಈ ಭಾಗದ ವಿದ್ಯಾರ್ಥಿಗಳಿಗೆ ದೂರದ ಊರುಗಳ ಅಲೆದಾಟವನ್ನು ತಪ್ಪಿಸಿತು.

ಈ ಪದ್ಧತಿಯ ಗುಣದೊಡನೆ ದೋಷವೂ ಬೆಳೆಯಿತು. ಹಗಲೆಲ್ಲ ನ್ಯಾಯಾಲಯದಲ್ಲಿ ದುಡಿದ ವಕೀಲನಿಗೆ ಪಾಠ ಉಪವೃತ್ತಿ. ದಿನವಿಡೀ ಕಚೇರಿಯಲ್ಲಿದ್ದ ವಿದ್ಯಾರ್ಥಿಗೆ ಕಲಿಕೆ ಉಪವೃತ್ತಿ. ಎಂ.ಸಿ. ಸೆತಲ್ವಾಡ್ ಅವರ ಅಧ್ಯಕ್ಷತೆಯ ಕಾನೂನು ಆಯೋಗವು 1958ರ ತನ್ನ 14ನೆಯ ವರದಿಯಲ್ಲಿ ದೇಶದ ಕಾನೂನು ಶಿಕ್ಷಣದ ಅವನತಿಯನ್ನು ಕಟುವಾಗಿ ವಿಮರ್ಶಿಸಿತು. ಪೂರ್ಣಕಾಲಿಕ ಗುರುಗಳು ಬೇಕೆಂಬ ಕೂಗಿಗೆ ಕಾರಣವಿತ್ತು.

ಎರಡಾಗಿ ಒಡೆದ ದಾರಿ

ಅಂತಹ ಗುರುಗಳು ಬಂದರು. ಆದರೆ ದಾರಿ ಎರಡಾಗಿ ಒಡೆಯಿತು. 1961ರ ವಕೀಲರ ಅಧಿನಿಯಮದ ಅಡಿಯಲ್ಲಿ ರಚಿತವಾದ ನಿಯಮದಂತೆ ವಕೀಲನು ಪೂರ್ಣಾವಧಿ ಸಂಬಳದ ಉದ್ಯೋಗದಲ್ಲಿರಬಾರದು. 1979ರ ನಿಯಮಗಳು ಮಾತ್ರ ವಕೀಲಿ ಮಾಡುವವನು ದಿನಕ್ಕೆ ಮೂರು ತಾಸು ಮೀರದಂತೆ ಕಾನೂನು ಪಾಠ ಹೇಳಲು ಅವಕಾಶ ಕೊಟ್ಟಿವೆ. ಪೂರ್ಣಾವಧಿಯ ಅಧ್ಯಾಪಕರು ವಕೀಲಿ ಮಾಡುವಂತಿಲ್ಲವೆಂದು 2002ರಲ್ಲಿ ದೆಹಲಿ ಉಚ್ಚ ನ್ಯಾಯಾಲಯವೂ ತೀರ್ಪಿತ್ತಿತು. ಇತ್ತ ವಿಶ್ವವಿದ್ಯಾಲಯ ಅನುದಾನ ಆಯೋಗವು ಅಧ್ಯಾಪಕ ಹುದ್ದೆಗೆ ಎಲ್‌ಎಲ್.ಎಂ. ಪದವಿಯನ್ನು, ಅದರೊಡನೆ ನೆಟ್ ಪರೀಕ್ಷೆ ಅಥವಾ ಪಿಎಚ್.ಡಿ.ಯನ್ನು ಕೇಳುತ್ತದೆ; ನ್ಯಾಯಾಲಯದ ಅನುಭವವನ್ನು ಕಡ್ಡಾಯವಾಗಿ ಕೇಳುವುದಿಲ್ಲ. ಇದರಿಂದಾಗಿ ಒಂದು ದಿನವೂ ಕರಿಕೋಟು ತೊಡದೆ, ಒಬ್ಬ ಸಾಕ್ಷಿಯ ಪಾಟೀಸವಾಲನ್ನೂ ನಡೆಸದೆ ನಿವೃತ್ತಿಯವರೆಗೆ ಸಾಕ್ಷ್ಯ ಅಧಿನಿಯಮವನ್ನು ಬೋಧಿಸುವುದು ಸಾಧ್ಯವಾಗಿದೆ.

ಇದರಿಂದಾಗುವ ಕೊರತೆಯನ್ನು ಆಸ್ತಿಯ ವಿಭಜನೆಯ ನಿದರ್ಶನದಿಂದ ನೋಡೋಣ. ಶಾಸ್ತ್ರಬಲ್ಲ ಗುರುಗಳು ಹೆಣ್ಣುಮಕ್ಕಳ ಹಕ್ಕಿನ ಇತಿಹಾಸವನ್ನು ಬಿಡಿಸಿ ಹೇಳುತ್ತಾರೆ. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮವು ಮಗಳಿಗೆ ಸಹದಾಯಾದ ಸ್ಥಾನವನ್ನು ಕೊಡಲಿಲ್ಲ. 1994ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿಯು ಅದಕ್ಕೆ ಮೊದಲು ಮದುವೆಯಾದವರನ್ನು ಹೊರಗಿಟ್ಟು ಉಳಿದ ಹೆಣ್ಣುಮಕ್ಕಳಿಗೆ ಅದನ್ನು ಕೊಟ್ಟಿತು. 2005ರ ಕೇಂದ್ರದ ತಿದ್ದುಪಡಿಯು ಆ ಭೇದವನ್ನೂ ತೆಗೆಯಿತು. ತಂದೆ ಆ ದಿನ ಜೀವಂತವಿರಬೇಕಾಗಿಲ್ಲವೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸ್ಪಷ್ಟಪಡಿಸಿತು. ಹೀಗೆ ಒಂದೊಂದು ಮೆಟ್ಟಿಲನ್ನೂ ತೋರಿಸಿದಾಗ ಕಾಯ್ದೆ ಏಕೆ ಹೀಗಾಯಿತು ಎಂಬುದು ವಿದ್ಯಾರ್ಥಿಗೆ ತಿಳಿಯುತ್ತದೆ.

ಆದರೆ ತವರಿನ ಪಾಲು ಬೇಡಿ ಬಂದ ಹೆಣ್ಣುಮಗಳು ಎದುರಿಗೆ ಕುಳಿತಾಗ ಇಷ್ಟು ಸಾಲದು. ದಾವೆಯಲ್ಲಿ ಪಾಲುದಾರರೆಲ್ಲರನ್ನೂ ಪಕ್ಷಗಾರರನ್ನಾಗಿ ಮಾಡಿರಬೇಕು. ಪಹಣಿಗಳನ್ನು ಒಟ್ಟುಗೂಡಿಸಿ ಸರ್ವೆ ನಂಬರು, ಚಕ್ಕುಬಂದಿಗಳನ್ನು ತಪ್ಪಿಲ್ಲದೆ ಬರೆದಿರಬೇಕು. ದಾವೆ ನಡೆದಿರುವಾಗ ಜಮೀನು ಪರಭಾರೆಯಾಗದಂತೆ ತಡೆಯಾಜ್ಞೆ ಕೇಳಬೇಕು. ಪ್ರಾಥಮಿಕ ಡಿಕ್ರಿ ಬಂದೊಡನೆ ಹೊಲ ಕೈಗೆ ಬರುವುದಿಲ್ಲ. ಕಂದಾಯ ತೆರುವ ಜಮೀನನ್ನು ದಿವಾಣಿ ಪ್ರಕ್ರಿಯಾ ಸಂಹಿತೆಯ 54ನೆಯ ಕಲಮಿನಂತೆ ಜಿಲ್ಲಾಧಿಕಾರಿಗಳ ಮುಖಾಂತರ ವಿಭಜಿಸಬೇಕು; ಮನೆ, ನಿವೇಶನಗಳಿಗೆ ಅಂತಿಮ ಡಿಕ್ರಿಯ ನಡವಳಿಕೆ ಬೇರೆಯೇ ನಡೆಯಬೇಕು. ಇದನ್ನರಿಯದ ವಕೀಲನ ಕೈಯಲ್ಲಿ ಗೆದ್ದ ದಾವೆಯೂ ವರ್ಷಗಟ್ಟಲೆ ಕಾಗದದಲ್ಲಿಯೇ ಉಳಿಯುತ್ತದೆ. ಪುಸ್ತಕದಲ್ಲಿ ಇವೆಲ್ಲವೂ ಅಚ್ಚಾಗಿವೆ, ನಿಜ. ಆದರೆ ಯಾವುದನ್ನು ಯಾವಾಗ ಮಾಡಬೇಕೆಂಬ ಎಚ್ಚರವು ಮಾಡಿದವರಿಂದಲೇ ಬರಬೇಕು.

ಗ್ರಂಥಾಲಯದ ಗುರುವಿನ ಸತ್ವ

ಹಾಗೆಂದು ವಕೀಲಿಯನ್ನು ಬಿಟ್ಟು ಬೋಧನೆಗೆ ಬಾಳನ್ನು ಮುಡಿಪಿಟ್ಟವರು ಕೀಳೆಂದು ನಾವು ಹೇಳುತ್ತಿಲ್ಲ. ಮಹಾರಾಷ್ಟ್ರದ ಒಂದು ಪೊಲೀಸ್ ಠಾಣೆಯಲ್ಲಿ 1972ರಲ್ಲಿ ಒಬ್ಬ ಆದಿವಾಸಿ ಬಾಲಿಕೆಯ ಮೇಲೆ ನಡೆದ ದೌರ್ಜನ್ಯದ ಮೊಕದ್ದಮೆಯಲ್ಲಿ, ಆಕೆ ಪ್ರತಿಭಟಿಸಿದ ಗುರುತುಗಳಿಲ್ಲವೆಂಬ ಕಾರಣವನ್ನು ಮುಂದಿಟ್ಟು ಸರ್ವೋಚ್ಚ ನ್ಯಾಯಾಲಯವು 1978ರಲ್ಲಿ ಆರೋಪಿಗಳನ್ನು ಬಿಡುಗಡೆ ಮಾಡಿತು. ಅದನ್ನು ಪ್ರಶ್ನಿಸಿ 1979ರಲ್ಲಿ ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದವರು ನಾಲ್ವರು ಕಾನೂನು ಅಧ್ಯಾಪಕರು: ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ರಘುನಾಥ ಕೇಳ್ಕರ್ ಮತ್ತು ವಸುಧಾ ಧಾಗಮ್‌ವಾರ್. ಆ ಪತ್ರ ದೇಶವನ್ನು ಎಚ್ಚರಿಸಿತು. 1983ರಲ್ಲಿ ಸಂಸತ್ತು ಕಾಯ್ದೆಯನ್ನೇ ತಿದ್ದಿತು. ದಿನನಿತ್ಯ ಅದೇ ಪೀಠದ ಮುಂದೆ ನಿಂತು ಕಕ್ಷಿದಾರನ ಕೆಲಸ ಸಾಧಿಸಬೇಕಾದ ವಕೀಲನಿಗೆ ಇಂತಹ ನಿರ್ಭೀತಿ ಸುಲಭವಲ್ಲ. ಯಾರ ಹಂಗಿಗೂ ಒಳಪಡದೆ ತೀರ್ಪನ್ನು ತೂಗುವ ಸ್ವಾತಂತ್ರ್ಯ ಅಧ್ಯಾಪಕನದು.

ನಮ್ಮ ಸಂವಿಧಾನ ನಿರ್ಮಾಪಕರು ಈ ವಿದ್ವತ್ತಿಗೆ ಗೌರವದ ಸ್ಥಾನವನ್ನು ಕಲ್ಪಿಸಿದ್ದರು. ಮಂಗಳೂರಿನಲ್ಲಿ ಜನಿಸಿದ ಎಚ್.ವಿ. ಕಾಮತ್ ಅವರ ಸೂಚನೆಯಂತೆ, ಉಚ್ಚ ನ್ಯಾಯಾಲಯದ ನ್ಯಾಯಾಧೀಶರು ಮತ್ತು ವಕೀಲರೊಡನೆ ಹೆಸರಾಂತ ನ್ಯಾಯಶಾಸ್ತ್ರಜ್ಞರನ್ನೂ ಸರ್ವೋಚ್ಚ ನ್ಯಾಯಾಲಯಕ್ಕೆ ನೇಮಿಸಬಹುದೆಂಬ ಮಾತು 124ನೆಯ ವಿಧಿಯಲ್ಲಿ ಸೇರಿತು. ಹಾರ್ವರ್ಡಿನ ಪ್ರಾಧ್ಯಾಪಕ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರು 1939ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವನ್ನು ಸೇರಿದ್ದರು. ನಮ್ಮಲ್ಲಿ ಮಾತ್ರ ಆ ವಿಧಿಯಡಿ ಇದುವರೆಗೆ ಒಬ್ಬರನ್ನೂ ನೇಮಿಸಿಲ್ಲ. ವಕೀಲಿಯ ಅನುಭವವಿಲ್ಲದವರು ಪಾಠಕ್ಕೆ ಸಲ್ಲುತ್ತಾರೆ, ನ್ಯಾಯಪೀಠಕ್ಕೆ ಸಲ್ಲುವುದಿಲ್ಲ ಎಂಬ ಈ ಅಲಿಖಿತ ನಿಲುವು ಚಿಂತನಾರ್ಹವಾದುದು.

ಎರಡನ್ನೂ ಬೆಸೆದವರು

ಎರಡು ದಾರಿಗಳನ್ನು ಒಂದುಗೂಡಿಸುವ ದೊಡ್ಡ ಪ್ರಯತ್ನ ನಡೆದದ್ದು ನಮ್ಮ ಬೆಂಗಳೂರಿನಲ್ಲಿಯೇ. 1986ರ ರಾಜ್ಯ ಅಧಿನಿಯಮದಿಂದ ಸ್ಥಾಪಿತವಾದ ರಾಷ್ಟ್ರೀಯ ಕಾನೂನು ಶಾಲೆಯ ಮೊದಲ ನಿರ್ದೇಶಕರು ಡಾ. ಎನ್.ಆರ್. ಮಾಧವ ಮೆನನ್. ತಾರುಣ್ಯದಲ್ಲಿ ಕೇರಳದಲ್ಲಿ ವಕೀಲರಾಗಿ ನೋಂದಾಯಿಸಿಕೊಂಡು, ಕೆಲಕಾಲ ದೆಹಲಿಯ ಸಚಿವಾಲಯದಲ್ಲಿ ಸೇವೆ ಸಲ್ಲಿಸಿ, ಅಲಿಗಢದಲ್ಲಿ ಉನ್ನತ ವ್ಯಾಸಂಗ ಮಾಡಿ, ದೆಹಲಿ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದವರು ಅವರು. ಬೆಂಗಳೂರಿನಲ್ಲಿ ಹನ್ನೆರಡು ವರ್ಷವಿದ್ದು, ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರಗಳನ್ನು ಕಾಯ್ದೆಯೊಡನೆ ಕಲಿಸುವ ಐದು ವರ್ಷದ ಶಿಕ್ಷಣವನ್ನು ಕಟ್ಟಿದರು. ಬಡವರಿಗೆ ಕಾನೂನು ನೆರವು ಕೊಡುವ ಕೆಲಸವನ್ನು ಪಾಠದ ಅಂಗವಾಗಿಸಿದರು. 2019ರಲ್ಲಿ ಅವರು ಅಗಲಿದಾಗ ದೇಶದ ಹಲವೆಡೆ ಆ ಮಾದರಿಯ ಸಂಸ್ಥೆಗಳು ನೆಲೆಗೊಂಡಿದ್ದವು.

ವಕೀಲರ ಪರಿಷತ್ತಿನ 2008ರ ನಿಯಮಗಳು ಮೂರು ವರ್ಷದ ಶಿಕ್ಷಣದಲ್ಲಿ 12 ವಾರ, ಐದು ವರ್ಷದ ಶಿಕ್ಷಣದಲ್ಲಿ 20 ವಾರಗಳ ವೃತ್ತಿತರಬೇತಿಯನ್ನು ಕಡ್ಡಾಯಗೊಳಿಸಿವೆ. ಅನುದಾನ ಆಯೋಗವು 2022ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಂತೆ, ಕನಿಷ್ಠ 15 ವರ್ಷದ ಅನುಭವವುಳ್ಳ ವೃತ್ತಿನಿರತರನ್ನು, ಪಿಎಚ್.ಡಿ. ಇಲ್ಲದಿದ್ದರೂ, ಮಂಜೂರಾದ ಹುದ್ದೆಗಳ ಶೇಕಡಾ 10ರ ಮಿತಿಯೊಳಗೆ ಪ್ರಾಧ್ಯಾಪಕರನ್ನಾಗಿ ಕರೆಸಿಕೊಳ್ಳಬಹುದು. ಬಾಗಿಲು ತೆರೆದಿದೆ, ಅದನ್ನು ಬಳಸುವ ಮನಸ್ಸು ಸಂಸ್ಥೆಗಳಿಗೆ ಬೇಕು.

ಪಾಲಕರಲ್ಲಿ ಒಂದು ವಿನಂತಿ

ಮಕ್ಕಳನ್ನು ಕಾನೂನು ಕಾಲೇಜಿಗೆ ಸೇರಿಸುವ ಮುನ್ನ ಪಾಲಕರು ಕೆಲವು ವಿಷಯಗಳನ್ನು ವಿಚಾರಿಸಬೇಕೆಂದು ನಮ್ಮ ವಿನಂತಿ. ಅಲ್ಲಿ ಪೂರ್ಣಾವಧಿಯ ಅಧ್ಯಾಪಕರು ಎಷ್ಟು ಮಂದಿ? ಅವರು ಬರೆದದ್ದೇನು, ಚಿಂತಿಸಿದ್ದೇನು? ಪ್ರಕ್ರಿಯಾ ಸಂಹಿತೆ, ಸಾಕ್ಷ್ಯ, ದಸ್ತಾವೇಜು ರಚನೆಯಂತಹ ವಿಷಯಗಳನ್ನು ನ್ಯಾಯಾಲಯವನ್ನು ಬಲ್ಲವರು ಬೋಧಿಸುವರೇ? ಕಾನೂನು ನೆರವಿನ ಕೇಂದ್ರ ಫಲಕದಲ್ಲಿ ಮಾತ್ರ ಇದೆಯೋ, ಹಳ್ಳಿಯ ಜನ ನಿಜವಾಗಿ ಅಲ್ಲಿಗೆ ಬರುವರೋ?

ಒಬ್ಬನೇ ಗುರುವಿನಲ್ಲಿ ಎಲ್ಲವೂ ಇರಬೇಕೆಂದು ಬಯಸುವುದು ಅತಿಯಾದೀತು. ಆದರೆ ಒಂದು ಗುರುಕುಲದಲ್ಲಿ ಎರಡೂ ಬಗೆಯವರು ಇರಲೇಬೇಕು. ಏಕೆಂದರೆ ಕಾಯ್ದೆಯ ಪಾಠ ತಪ್ಪಿದರೆ ಅದರ ದಂಡವನ್ನು ತೆರುವವನು ವಿದ್ಯಾರ್ಥಿಯಲ್ಲ; ಮುಂದೊಂದು ದಿನ ಅವನನ್ನು ನಂಬಿ ವಕಾಲತ್ತುನಾಮೆಗೆ ಹೆಬ್ಬೆಟ್ಟು ಒತ್ತುವ ಬಡವ. ಆ ಬಡವನ ಹಿತವನ್ನು ಮನದಲ್ಲಿಟ್ಟುಕೊಂಡು ನಮ್ಮ ಮಕ್ಕಳಿಗೆ ಗುರುವನ್ನು ಆರಿಸೋಣ.