ಸಿಡ್ನಿಯ ಸೆಮಿಸ್ಟರ್, 65,000 ವರ್ಷಗಳ ಸಿಲಬಸ್

ವಿದೇಶಿ ವ್ಯಾಸಂಗಕ್ಕೆ ಸಿಡ್ನಿ ವಿಶ್ವವಿದ್ಯಾಲಯಕ್ಕೆ ಬರುವವರ ಕಿವಿಗೆ ಬೇಗನೆ ಬೀಳುವ ಹೆಸರು ಗ್ಯಾಡಿಗಲ್. ಕ್ಯಾಂಪಸ್ ಇರುವುದೇ ಆ ಮೂಲನಿವಾಸಿಗಳ ನೆಲದ ಮೇಲೆ.

1788ರಲ್ಲಿ ಬ್ರಿಟಿಷರ ಹಡಗುಗಳು ಇಲ್ಲಿಗೆ ಬಂದಾಗ ಆಸ್ಟ್ರೇಲಿಯಾ ಖಂಡದಲ್ಲಿ 250ಕ್ಕೂ ಹೆಚ್ಚು ಭಾಷೆಗಳಿದ್ದವು. ಉತ್ತರದ ಮಜೆಡ್‌ಬೆಬೆ ಕಲ್ಲಾಸರೆಯಲ್ಲಿ ಸಿಕ್ಕ ಮಾನವ ಕುರುಹುಗಳಿಗೆ ಸುಮಾರು 65,000 ವರ್ಷ ಎಂಬುದು ಪುರಾತತ್ವಜ್ಞರ ಅಂದಾಜು.

ಆದರೆ ವಿದ್ಯಾರ್ಥಿಗಳನ್ನು ಹಿಡಿದು ಕೂರಿಸುವ ಕಥೆ ತೀರಾ ಈಚಿನದು. 1965ರ ಫೆಬ್ರವರಿಯಲ್ಲಿ ಇದೇ ವಿಶ್ವವಿದ್ಯಾಲಯದ ಸುಮಾರು 30 ವಿದ್ಯಾರ್ಥಿಗಳು ಬಸ್ಸು ಹತ್ತಿ ಹೊರಟರು. ಮುಂದಾಳು ಚಾರ್ಲ್ಸ್ ಪರ್ಕಿನ್ಸ್, ಸ್ವತಃ ಮೂಲನಿವಾಸಿ. ವಾಲ್ಗೆಟ್ ಊರಿನ ಮಾಜಿ ಸೈನಿಕರ ಕ್ಲಬ್ಬಿನಲ್ಲಿ ಮೂಲನಿವಾಸಿ ಮಾಜಿ ಸೈನಿಕರಿಗೇ ಸದಸ್ಯತ್ವ ಇರಲಿಲ್ಲ. ವಿದ್ಯಾರ್ಥಿಗಳು ಅದರ ಬಾಗಿಲಲ್ಲೇ ಪ್ರತಿಭಟಿಸಿದರು. ಮೂಲನಿವಾಸಿಗಳಿಗೆ ನಿರ್ಬಂಧವಿದ್ದ ಮೋರಿ ಪಟ್ಟಣದ ಈಜುಕೊಳಕ್ಕೆ ಪರ್ಕಿನ್ಸ್ ಮೂಲನಿವಾಸಿ ಮಕ್ಕಳನ್ನು ಕರೆದೊಯ್ದರು. ಸ್ಥಳೀಯರ ಗುಂಪು ಮೊಟ್ಟೆ, ಟೊಮೆಟೊ ತೂರಿತು. ಸುದ್ದಿ ದೇಶವಿಡೀ ಹಬ್ಬಿತು.

ಎರಡೇ ವರ್ಷ! 1967ರ ಜನಮತಗಣನೆಯಲ್ಲಿ ಶೇ 90ಕ್ಕೂ ಹೆಚ್ಚು ಮತದಾರರು ಸಂವಿಧಾನ ತಿದ್ದುಪಡಿಗೆ ಹೌದು ಎಂದರು. ಜನಗಣತಿಯಲ್ಲಿ ಮೂಲನಿವಾಸಿಗಳನ್ನೂ ಎಣಿಸಲು ದಾರಿಯಾಯಿತು.

ಭೂಮಿಯ ಪ್ರಶ್ನೆ ಮಾತ್ರ ಬಾಕಿ ಉಳಿಯಿತು. ನೆಲದ ಹಕ್ಕಿಗಾಗಿ ಮೂಲನಿವಾಸಿ ಎಡ್ಡಿ ಮಾಬೊ ಮತ್ತವರ ಸಂಗಡಿಗರು ಹತ್ತು ವರ್ಷ ನಡೆಸಿದ ಮೊಕದ್ದಮೆಯಲ್ಲಿ ದೇಶದ ಹೈಕೋರ್ಟ್ 1992ರಲ್ಲಿ ತೀರ್ಪಿತ್ತು, ಬ್ರಿಟಿಷರು ಬಂದಾಗ ಇದು ಯಾರಿಗೂ ಸೇರದ ನೆಲವಾಗಿತ್ತು ಎಂಬ ವಾದವನ್ನು ತಳ್ಳಿಹಾಕಿತು.

ಪಾಠ ಪುಸ್ತಕಕ್ಕೇ ಮುಗಿಯುವುದಿಲ್ಲ. ಕ್ಯಾಂಪಸ್ಸಿನ ಪಕ್ಕದಲ್ಲೇ ಮೂಲನಿವಾಸಿ ಹೋರಾಟದ ಕೇಂದ್ರ ರೆಡ್‌ಫರ್ನ್ ಇದೆ. ನಗರದ ಉತ್ತರಕ್ಕೆ ಕೂ-ರಿಂಗ್-ಗೈ ಚೇಸ್ ಉದ್ಯಾನದ ಬಂಡೆಗಳ ಮೇಲೆ ಹಳೆಯ ಕೆತ್ತನೆಗಳಿವೆ.

ಚರ್ಚೆಯೂ ತಣ್ಣಗಾಗಿಲ್ಲ. ಸಂಸತ್ತಿಗೆ ಸಲಹೆ ನೀಡುವ ಮೂಲನಿವಾಸಿ ಮಂಡಳಿಯನ್ನು ಸಂವಿಧಾನಕ್ಕೆ ಸೇರಿಸುವ ಪ್ರಸ್ತಾವವನ್ನು 2023ರ ಅಕ್ಟೋಬರ್‌ನಲ್ಲಿ ಶೇ 60ರಷ್ಟು ಮತದಾರರು ತಿರಸ್ಕರಿಸಿದರು.