ಹಳೆ ಚೀಟಿಗೆ ಮಾತ್ರೆ ಕೊಡಲಾಗದ ದಿನ

ಮಂಗಳೂರು ದೇರೆಬೈಲಿನ ನಮ್ಮ ಮೆಡಿಕಲ್ ಶಾಪಿಗೆ ಕೊಂಚಾಡಿ ಕಡೆಯಿಂದ ಒಬ್ಬರು ಅಕ್ಕ ಬರುತ್ತಾರೆ. ಗಂಡ ತೀರಿಕೊಂಡ ಮೇಲೆ ಅವರಿಗೆ ಎದೆ ಡವಗುಟ್ಟುವುದು, ಬಸ್ಸಿನಲ್ಲಿ ಉಸಿರು ಕಟ್ಟಿದ ಹಾಗಾಗುವುದು ಶುರುವಾಗಿತ್ತು. ಮನೆಮಂದಿಯನ್ನೆಲ್ಲ ನೋಡುತ್ತಿದ್ದ ಫ್ಯಾಮಿಲಿ ಡಾಕ್ಟರು ರಾತ್ರಿಗೊಂದು ಅಲ್ಪ್ರಾಜೊಲಾಮ್ ಮಾತ್ರೆ ಬರೆದುಕೊಟ್ಟಿದ್ದರು. ವಯಸ್ಸಾಗಿ ಅವರು ಕ್ಲಿನಿಕ್ ಮುಚ್ಚಿದರು. ಹೊಸ ಡಾಕ್ಟರು ಹಳೆ ಚೀಟಿ ನೋಡಿ, "ಇದನ್ನೆಲ್ಲ ನಾನು ಬರೆದು ಕೊಡುದಿಲ್ಲ, ನಿಲ್ಲಿಸಿ ಬಿಡಿ" ಅಂದರಂತೆ. ಮಡಿಕೆ ಹರಿದು ಟೇಪ್ ಅಂಟಿಸಿದ ಆ ಚೀಟಿಯನ್ನೂ ಒಂದೇ ಮಾತ್ರೆ ಉಳಿದಿದ್ದ ಸ್ಟ್ರಿಪ್ಪನ್ನೂ ಕೌಂಟರಿನ ಮೇಲಿಟ್ಟು ಅಕ್ಕ ಹೇಳಿದರು: "ನೀವಾದರೂ ಕೊಡಿ ಮಾರಾಯ್ರೆ, ನಿಮಗೆ ನನ್ನ ಗುರ್ತ ಉಂಟಲ್ಲ."

ಗುರುತು ಉಂಟು, ಆದರೆ ಕೊಡುವ ಹಾಗಿಲ್ಲ. 2014ರ ಮಾರ್ಚ್ 1ರಿಂದ ಜಾರಿಗೆ ಬಂದ, ಚೀಟಿಯಿಲ್ಲದೆ ಮಾರಬಾರದ ಔಷಧಿಗಳ ಎಚ್-1 ಪಟ್ಟಿಯಲ್ಲಿ ಅಲ್ಪ್ರಾಜೊಲಾಮ್, ಡಯಾಜೆಪಾಮ್ ಎರಡೂ ಸೇರಿವೆ. ಇಂಥ ಮಾತ್ರೆಗೆ ನಮ್ಮಲ್ಲಿ ಬೇರೆಯೇ ಒಂದು ರಿಜಿಸ್ಟರ್ ಇದೆ. ಬರೆದ ಡಾಕ್ಟರರ ಹೆಸರು, ವಿಳಾಸ, ರೋಗಿಯ ಹೆಸರು, ಔಷಧಿ ಯಾವುದು, ಎಷ್ಟು ಕೊಟ್ಟೆವು ಎಂದು ಅದರಲ್ಲಿ ಬರೆದಿಟ್ಟು ಮೂರು ವರ್ಷ ಕಾಪಾಡಬೇಕು. ಪುನಃ ಕೊಡಬಹುದು ಎಂದು ಡಾಕ್ಟರೇ ಚೀಟಿಯಲ್ಲಿ ಬರೆಯದಿದ್ದರೆ ಒಂದು ಚೀಟಿಗೆ ಒಂದೇ ಸಲ ಕೊಡಲಿಕ್ಕೆ. ಪರಿಚಯದ ಮೇಲೆ ಕೊಡುವ ಅಂಗಡಿಗಳಿಲ್ಲವೆಂದಲ್ಲ. ಹಾಗೆ ಕೊಟ್ಟೇ ಎಷ್ಟೋ ಜನ ಈ ಮಾತ್ರೆಗೆ ಅಂಟಿಕೊಂಡಿದ್ದಾರೆ.

ಹೊಸ ಡಾಕ್ಟರರ ಹಿಂಜರಿಕೆಗೂ ಕಾರಣ ಇದೇ. ಬೆಂಜೊಡಯಜೆಪೈನ್ ಗುಂಪಿನ ಈ ಮಾತ್ರೆಗಳು ಅರ್ಧ-ಒಂದು ಗಂಟೆಯಲ್ಲೇ ಗಾಬರಿಯನ್ನು ಇಳಿಸುತ್ತವೆ. ಆದರೆ ಕೆಲವು ವಾರ ಬಿಡದೆ ತೆಗೆದುಕೊಂಡರೆ ಮೆದುಳು ಅದಕ್ಕೆ ಒಗ್ಗಿಹೋಗುತ್ತದೆ. ವಯಸ್ಸಾದವರು ಮಂಪರಿನಲ್ಲಿ ಬಿದ್ದು ಸೊಂಟ ಮುರಿದುಕೊಳ್ಳುವುದುಂಟು.

ಆದರೂ "ನಿಲ್ಲಿಸಿ ಬಿಡಿ" ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ವರ್ಷಗಟ್ಟಲೆ ತೆಗೆದುಕೊಂಡ ಮಾತ್ರೆಯನ್ನು ಒಮ್ಮೆಲೇ ಬಿಟ್ಟರೆ ನಿದ್ದೆ ಹಾರಿಹೋಗುತ್ತದೆ, ಕೈ ನಡುಗುತ್ತದೆ, ಬೆವರು ಹರಿಯುತ್ತದೆ, ಮೊದಲಿನ ಗಾಬರಿ ದುಪ್ಪಟ್ಟಾಗಿ ಮರಳುತ್ತದೆ. ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ಅಲ್ಪ್ರಾಜೊಲಾಮ್ ದೇಹದಿಂದ ಬೇಗ ಖಾಲಿಯಾಗುವುದರಿಂದ ಈ ತೊಂದರೆ ಒಂದೆರಡು ದಿನದಲ್ಲೇ ತಲೆದೋರುತ್ತದೆ. ಪ್ರಮಾಣವನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತ ವಾರಗಳಲ್ಲಿ, ಕೆಲವೊಮ್ಮೆ ತಿಂಗಳುಗಳಲ್ಲಿ ಬಿಡಿಸಬೇಕು. ಬರೆಯಲು ಮನಸ್ಸಿಲ್ಲದ ಡಾಕ್ಟರು ಕೆಲವು ದಿನಗಳಿಗಾಗುವಷ್ಟು ಮಾತ್ರೆ ಬರೆದು, ಮಾನಸಿಕ ತಜ್ಞರಿಗೊಂದು ಪತ್ರ ಕೊಟ್ಟು ಕಳಿಸಬಹುದಿತ್ತು.

ಹೀಗೆ ಇಳಿಸಿ ಬಿಡಿಸುವುದು ಎಂಬಿಬಿಎಸ್ ಡಾಕ್ಟರರ ಕೈಮೀರಿದ ವಿದ್ಯೆಯೂ ಅಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರರಿಗೇ ಮಾನಸಿಕ ಕಾಯಿಲೆಯ ಚಿಕಿತ್ಸೆ ಕಲಿಸಿಕೊಟ್ಟರು. ಅದೇ ಮಾದರಿಯ ಮೇಲೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ದಾರಿ ತೋರಿದ ಕರ್ನಾಟಕದಲ್ಲೇ ರೋಗಿ ಬರಿಗೈಯಲ್ಲಿ ಕ್ಲಿನಿಕ್ಕಿನಿಂದ ಹೊರಬರುವುದು ನನಗೆ ತುಂಬ ನೋವಿನ ಸಂಗತಿ.

ಅಕ್ಕನಿಗೆ ಹಂಪನಕಟ್ಟೆಯ ವೆನ್‌ಲಾಕ್ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋಗಲು ಹೇಳಿದೆ. "ಅದು ಮರ್ಲಿನವರಿಗಲ್ವಾ?" ಎಂದು ಅಳುಕಿದರು. ಆದರೂ ಮಗಳನ್ನು ಕರೆದುಕೊಂಡು ಮರುದಿನವೇ ಹೋದರು. ಅಲ್ಲಿ ಎಸ್ಸಿಟಾಲೊಪ್ರಾಮ್ ಎಂಬ ಬೇರೆ ಮಾತ್ರೆ ಶುರು ಮಾಡಿ, ಅದು ನಾಟುವ ತನಕ ಹಳೆ ಮಾತ್ರೆಯನ್ನು ಮುಂದುವರಿಸಿ, ಆಮೇಲೆ ಹೇಗೆ ಇಳಿಸಬೇಕೆಂದು ಬರೆದುಕೊಟ್ಟರು. ಎಸ್ಸಿಟಾಲೊಪ್ರಾಮ್ ಕೆಲಸ ತೋರಿಸಲು ಎರಡರಿಂದ ಆರು ವಾರ ಬೇಕು. ಮೊದಲ ವಾರದಲ್ಲೇ "ಗುಣ ಇಲ್ಲ" ಎಂದು ಬಿಡುವವರೂ ಇದ್ದಾರೆ, ಅಕ್ಕ ಬಿಡಲಿಲ್ಲ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವ ಮದ್ದು ಉಚಿತವಾಗಿ ಸಿಗಬೇಕು. ಎಲ್ಲಿಗೆ ಹೋಗುವುದೆಂದು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಸ್ಟ್ರಿಪ್ಪಿನಲ್ಲಿ ಹತ್ತು ದಿನದ ಮಾತ್ರೆ ಇರುವಾಗಲೇ ಡಾಕ್ಟರರನ್ನು ನೋಡಿ. ಹಳೆ ಚೀಟಿಗಳನ್ನೆಲ್ಲ ಒಂದು ಫೈಲಿನಲ್ಲಿಟ್ಟು ಜೊತೆಗೊಯ್ಯಿರಿ. ಬರೆದು ಕೊಡುವುದಿಲ್ಲ ಎಂದರೆ, "ಹಾಗಾದರೆ ಇದನ್ನು ಇಳಿಸುವುದು ಹೇಗೆ, ಯಾರ ಹತ್ತಿರ ಹೋಗಬೇಕು, ಬರೆದು ಕೊಡಿ ಡಾಕ್ಟ್ರೇ" ಎಂದು ಕೇಳದೆ ಕುರ್ಚಿಯಿಂದ ಏಳಬೇಡಿ.