ಉಚಿತ ದೂರದರ್ಶನವೂ ಕನ್ನಡಿಗರ ಪಾಲೂ

ಕೇಬಲ್ಲಿನ ತಂತಿಯನ್ನು ತೆಗೆಸಿಬಿಟ್ಟರೆ ಮನೆಯ ಟೆಲಿವಿಷನ್ ಪೆಟ್ಟಿಗೆಯು ಬರಿಯ ಅಲಂಕಾರದ ವಸ್ತುವಾಗುವುದೋ, ಅಥವಾ ಕಾಸು ಕೊಡದೆಯೂ ಏನಾದರೂ ಕಂಡೀತೋ ಎಂದು ನಮ್ಮ ವಾಚಕ ಮಹಾಶಯರಲ್ಲಿ ಅನೇಕರು ನಮ್ಮನ್ನು ಕೇಳುತ್ತಿರುವರು. ಪ್ರಶ್ನೆಯು ಅಲ್ಪವಾದುದೆಂದು ತೋರಬಹುದು. ಆದರೆ ತಿಂಗಳು ತಿಂಗಳೂ ಸಂಬಳದಿಂದ ರೂಪಾಯಿಗಳನ್ನು ಎಣಿಸಿ ಕೊಡತಕ್ಕ ಗುಮಾಸ್ತೆಗೂ, ವಿಶ್ರಾಂತಿವೇತನದಲ್ಲಿ ಕಾಲಕ್ಷೇಪ ಮಾಡತಕ್ಕ ವೃದ್ಧರಿಗೂ ಅದು ಅಲ್ಪವಲ್ಲ. 2019ರಲ್ಲಿ ಜಾರಿಗೆ ಬಂದ ದರಪದ್ಧತಿಯಂತೆ, ಹಣದ ವಾಹಿನಿ ಒಂದನ್ನೂ ಬೇಡದವನು ಸಹ ಬರಿಯ ಜೋಡಣೆಗಾಗಿ 130 ರೂಪಾಯಿಗಳನ್ನೂ, ಅದರ ಮೇಲೆ ನೂರಕ್ಕೆ 18ರಂತೆ ತೆರಿಗೆಯನ್ನೂ ತೆರಬೇಕಾಯಿತು. ಊಟ ಮಾಡದಿದ್ದರೂ ಎಲೆಯ ಬಾಡಿಗೆ ಕೊಡು ಎಂಬಂತಹ ನ್ಯಾಯವಿದು.

ಹಿಂದೆ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. 1981ರಲ್ಲಿ ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರವು ಆರಂಭವಾದ ತರುವಾಯ ಮಾಳಿಗೆ ಮಾಳಿಗೆಯ ಮೇಲೂ ಮೀನಿನ ಮುಳ್ಳಿನಂತಹ ಏರಿಯಲ್ಲುಗಳು ಎದ್ದು ನಿಂತುವು. ಮೇಲೆ ಹುಡುಗನೊಬ್ಬನು ಕೊಳವೆಯನ್ನು ತಿರುಗಿಸುತ್ತ "ಬಂತೇ?" ಎಂದು ಕೂಗುವುದೂ, ಒಳಗಿನಿಂದ "ಬಂದು ಹೋಯಿತು!" ಎಂದು ಉತ್ತರ ಬರುವುದೂ ಅಂದಿನ ಸಾಯಂಕಾಲಗಳ ಸಂಭ್ರಮವಾಗಿದ್ದಿತು. ಮಲೆನಾಡಿನವರಿಗೆ ಗುಡ್ಡಗಳು ಅಡ್ಡ ಬರುತ್ತಿದ್ದುವು. ಏಕೆಂದರೆ ಆ ತರಂಗಗಳು ನೇರವಾಗಿ ಹೋಗತಕ್ಕವು. ಆದಾಗ್ಯೂ ಕಂಡಷ್ಟು ಉಚಿತವಾಗಿತ್ತು. ಆ ಕಾಲವು ಮುಗಿಯಿತು. ಆಯಕಟ್ಟಿನ ಸ್ಥಳಗಳಲ್ಲಿರುವ ಸುಮಾರು 50 ಪ್ರೇಷಕಗಳನ್ನುಳಿದು ಮಿಕ್ಕ ಹಳೆಯ ಭೂಪ್ರೇಷಕಗಳೆಲ್ಲವನ್ನೂ 2022ರ ಮಾರ್ಚ್ 31ರೊಳಗಾಗಿ ನಿಲ್ಲಿಸತಕ್ಕದ್ದೆಂದು ಪ್ರಸಾರ ಭಾರತಿಯವರು ಗೊತ್ತುಮಾಡಿದರು.

ಅಮೆರಿಕದವರೂ ಹಳೆಯ ತರಂಗಗಳನ್ನು 2009ರ ಜೂನ್ 12ರಂದು ನಿಲ್ಲಿಸಿದರು. ಆದರೆ ಅಲ್ಲಿ ಅದೇ ಗೋಪುರಗಳಿಂದ ಡಿಜಿಟಲ್ ಬಿತ್ತರವು ಮುಂದುವರಿಯಿತು. ಆದುದರಿಂದ ಕೇಬಲನ್ನು ಬಿಟ್ಟವನು ಕಿಟಕಿಯ ಬಳಿ ಒಂದು ಸಣ್ಣ ಆಂಟೆನಾವನ್ನಿಟ್ಟು ಊರಿನ ವಾಹಿನಿಗಳನ್ನು ನೋಡಬಹುದು. ನಮ್ಮಲ್ಲಿಯೂ 2016ರಲ್ಲಿ ಬೆಂಗಳೂರು ಸೇರಿ 16 ಪಟ್ಟಣಗಳಲ್ಲಿ ಅಂತಹುದನ್ನು ಆರಂಭಿಸಿದರು. ಅದು ಮನೆಗಳಲ್ಲಿ ಬೇರೂರಲಿಲ್ಲ.

ಈಗ ಕೇಬಲ್ ಬಿಟ್ಟ ಕನ್ನಡಿಗನಿಗೆ ಉಳಿದಿರುವ ದಾರಿಯು ಡಿ.ಡಿ. ಫ್ರೀ ಡಿಷ್. 2004ರ ಡಿಸೆಂಬರಿನಲ್ಲಿ 33 ವಾಹಿನಿಗಳೊಡನೆ ಆರಂಭವಾದ ಈ ಸೇವೆಗೆ ತಿಂಗಳ ಶುಲ್ಕವಿಲ್ಲ. ತಟ್ಟೆ, ಪೆಟ್ಟಿಗೆ, ತಂತಿಗಳಿಗೆಂದು ಒಮ್ಮೆ ಸುಮಾರು 2,000 ರೂಪಾಯಿಗಳೊಳಗೆ ವೆಚ್ಚಮಾಡಿದರೆ ಸಾಕು. ನಮ್ಮ ಕಾರ್ಯಾಲಯದ ಮಾಳಿಗೆಯ ಮೇಲೆ ನಾವೂ ಒಂದನ್ನು ನಿಲ್ಲಿಸಿದೆವು. ಜಿಸ್ಯಾಟ್-15 ಎಂಬ ಉಪಗ್ರಹವು ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, 93.5 ಡಿಗ್ರಿ ಪೂರ್ವರೇಖಾಂಶದಲ್ಲಿ ನಿಂತಿದೆ. ಬೆಂಗಳೂರಿನಿಂದ ನೋಡಿದರೆ ಆಗ್ನೇಯಕ್ಕೆ, ನೆಲದಿಂದ ಸುಮಾರು 66 ಡಿಗ್ರಿ ಮೇಲಕ್ಕೆ. ಆ ದಿಕ್ಕಿನಲ್ಲಿ ತೆಂಗಿನಮರವಾಗಲಿ ನೆರೆಯ ಮಹಡಿಯಾಗಲಿ ಅಡ್ಡವಿರಬಾರದು. ತಟ್ಟೆಯು ಎರಡು ಬೆರಳಿನಷ್ಟು ಜರುಗಿದರೂ ಚಿತ್ರವು ಮಾಯವಾಗುವುದು. ಜಡಿಮಳೆಯಲ್ಲಿಯೂ ಸ್ವಲ್ಪ ಹೊತ್ತು ಹೋಗಿ ಬರುವುದು. ಹಳೆಯ ಏರಿಯಲ್ಲಿನಂತೆ ಚಿತ್ರವು ಮಸುಕಾಗುವುದಿಲ್ಲ. ಇದ್ದರೆ ಪೂರ್ಣ, ಇಲ್ಲದಿದ್ದರೆ ಶೂನ್ಯ. ಕ್ರಿಕೆಟ್ಟಿನ ಅಭಿಮಾನಿಗಳಿಗೆ ಇನ್ನೊಂದು ಮಾತು: ಖಾಸಗಿಯವರು ಕಡ್ಡಾಯವಾಗಿ ಹಂಚಿಕೊಳ್ಳಬೇಕಾದ ಪಂದ್ಯಗಳನ್ನು ದೂರದರ್ಶನವು ತನ್ನ ಸ್ವಂತ ಭೂಪ್ರೇಷಕಗಳಿಂದಲೂ ಫ್ರೀ ಡಿಷ್ಷಿನಿಂದಲೂ ಮಾತ್ರ ತೋರಿಸಬಹುದೆಂದು 2017ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿತು. ಕೇಬಲಿಗೆ ಹಣ ತೆತ್ತವನಿಗಿಲ್ಲದ ಭಾಗ್ಯವು ತೆರದವನಿಗೆ ಬಂದ ಪ್ರಸಂಗವಿದು!

ಇಷ್ಟರವರೆಗೆ ಸಂತೋಷದ ಸಂಗತಿ. ತಟ್ಟೆಯನ್ನು ನಿಲ್ಲಿಸಿ ವಾಹಿನಿಗಳನ್ನು ಒಂದೊಂದಾಗಿ ತಿರುಗಿಸುತ್ತ ಹೋದಾಗ ನಮ್ಮ ಮನಸ್ಸಿಗೆ ಖೇದವಾಯಿತು. ಹಿಂದೀ ಚಲನಚಿತ್ರ, ಹಿಂದೀ ವಾರ್ತೆ, ಹಿಂದೀ ಧಾರಾವಾಹಿ, ಪುನಃ ಹಿಂದೀ ಚಲನಚಿತ್ರ. ದೂರದರ್ಶನದ ನಮ್ಮ ಚಂದನವೇನೋ ಅಲ್ಲಿದೆ; ಡಾ. ನಾ. ಸೋಮೇಶ್ವರರು 2002ರಲ್ಲಿ ಆರಂಭಿಸಿದ 'ಥಟ್ ಅಂತ ಹೇಳಿ'ಯಂತಹ ಸತ್ಕಾರ್ಯವನ್ನು ಮಾಡಿದ ವಾಹಿನಿಯದು. ಆದರೆ ಕೋಟ್ಯಂತರ ಕನ್ನಡಿಗರಿಗೆ ಆಕಾಶದ ಉಚಿತ ಪಂಕ್ತಿಯಲ್ಲಿ ಇಷ್ಟೇ ಬಡಿಸಿದರೆ ಸಾಕೇ?

ಹೀಗಾದುದಕ್ಕೆ ಕಾರಣವಿಲ್ಲದೆ ಇಲ್ಲ. ಅಲ್ಲಿಯ ಸ್ಥಳಗಳನ್ನು ಪ್ರಸಾರ ಭಾರತಿಯವರು ಹರಾಜು ಹಾಕುವರು. ಉತ್ತರದೇಶದಲ್ಲಿ ತಟ್ಟೆಗಳು ಹೆಚ್ಚಾಗಿರುವುದರಿಂದ ಹಿಂದೀ ವಾಹಿನಿಗಳವರು ಜಾಹೀರಾತಿನ ಆಸೆಯಿಂದ ಬೆಲೆಯನ್ನು ಏರಿಸುವರು. ನಮ್ಮವರ ತಪ್ಪೂ ಇದರಲ್ಲಿಲ್ಲದಿಲ್ಲ. ಕೇಬಲಿನಿಂದ ಬರುವ ಚಂದಾಹಣವು ಎಲ್ಲಿ ಕೈಬಿಡುವುದೋ ಎಂಬ ಭಯದಿಂದ ಕನ್ನಡದ ಧಾರಾವಾಹಿಗಳ ಒಡೆಯರು ಉಚಿತದ ಹತ್ತಿರ ಸುಳಿಯಲೊಲ್ಲರು.

ಐವತ್ತು ವರ್ಷಗಳ ಹಿಂದಿನ ಮಾತನ್ನು ಇಲ್ಲಿ ಸ್ಮರಿಸಬೇಕಾಗಿದೆ. 1975ರ ಆಗಸ್ಟಿನಿಂದ ಒಂದು ವರ್ಷ ಪರ್ಯಂತ, ಅಮೆರಿಕದ ಉಪಗ್ರಹವೊಂದನ್ನು ಎರವು ಪಡೆದು, ನಮ್ಮ ವಿಜ್ಞಾನಿಗಳು ಆರು ಪ್ರಾಂತಗಳ 2,400 ಹಳ್ಳಿಗಳಿಗೆ ಟೆಲಿವಿಷನ್ನನ್ನು ತೋರಿಸಿದರು. ಸೈಟ್ ಎಂದು ಹೆಸರಾದ ಆ ಪ್ರಯೋಗದಲ್ಲಿ ನಮ್ಮ ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಇದ್ದುವು. ಕೋಳಿಗೂಡಿನ ಜಾಲರಿಯಿಂದ ಕಟ್ಟಿದ ಹತ್ತು ಅಡಿಯ ತಟ್ಟೆಯ ಮೂಲಕ ಆ ಬಡ ರೈತರು ನೋಡಿದುದು ಯಾವ ಭಾಷೆಯಲ್ಲಿ? ಕನ್ನಡದಲ್ಲಿ. ಹಿಂದೀ, ಒಡಿಯಾ, ತೆಲುಗುಗಳ ಸರಿಸಮಕ್ಕೆ ಕನ್ನಡವನ್ನೂ ಆ ನಾಲ್ಕೇ ಭಾಷೆಗಳಲ್ಲಿ ಒಂದಾಗಿ ಆರಿಸಿದ್ದರು. ಎರವಿನ ಉಪಗ್ರಹದಲ್ಲಿ ದೊರೆತ ಗೌರವವು ಸ್ವಂತ ಉಪಗ್ರಹದಲ್ಲಿ ಏಕೆ ದೊರೆಯಬಾರದು?

ಆಕಾಶತರಂಗಗಳು ಸಾರ್ವಜನಿಕರ ಸೊತ್ತೆಂದು ಸುಪ್ರೀಂ ಕೋರ್ಟು 1995ರ ಫೆಬ್ರವರಿಯಲ್ಲಿಯೇ ಹೇಳಿದೆ. ಸೊತ್ತು ಸಾರ್ವಜನಿಕರದಾದ ಮೇಲೆ ಅದರ ಹಂಚಿಕೆಯು ಹರಾಜುಕಟ್ಟೆಯ ಕೂಗಿನಿಂದ ಮಾತ್ರವೇ ನಡೆಯತಕ್ಕದ್ದಲ್ಲ. ದೇಶಭಾಷೆಗಳಿಗೆ ಇಂತಿಷ್ಟು ಸ್ಥಳವೆಂದು ಮೊದಲು ಪ್ರತ್ಯೇಕಿಸಿ, ಅವುಗಳಲ್ಲಿ ಕನ್ನಡದ ಪಾಲನ್ನು ಹೆಸರು ಹಿಡಿದು ಕಾಣಿಸಿ, ನಮ್ಮವರು ತೆರಬಲ್ಲ ಬೆಲೆಗೆ ಕೊಟ್ಟು, ಉಳಿದುದನ್ನು ಬೇಕಾದರೆ ಹರಾಜು ಹಾಕಲಿ. ನಮ್ಮ ಪಾರ್ಲಿಮೆಂಟ್ ಸದಸ್ಯರು ಮುಂದಿನ ಹರಾಜಿಗೆ ಮುಂಚಿತವಾಗಿ ಈ ಪ್ರಶ್ನೆಯನ್ನು ಸಭೆಯಲ್ಲಿ ಎತ್ತುವರೆಂದು ನಿರೀಕ್ಷಿಸುತ್ತೇವೆ. ಎತ್ತಿದವರ ಹೆಸರನ್ನೂ ಎತ್ತದವರ ಹೆಸರನ್ನೂ ಇದೇ ಪುಟದಲ್ಲಿ ಪ್ರಕಟಿಸಲು ನಮಗೆ ಸ್ಥಳಾಭಾವವಿಲ್ಲ.